ಮೆಟ್ಟಿಲ ದೀಪದ ಎರವಲು ನ್ಯೂಟ್ರಲ್

ಕಳೆದ ಮಳೆಗಾಲದಲ್ಲಿ ನಮ್ಮ ಮೈಸೂರಿನ ಮನೆಯ ಮಹಡಿಗೆ, ಕರೆಂಟ್ ಸೋರಿದರೆ ತಾನಾಗಿಯೇ ಬೀಳುವ ಸ್ವಿಚ್ಚಾದ ಆರ್‌ಸಿಸಿಬಿ ಹಾಕಿಸಿದೆ. ಮಹಡಿಯಲ್ಲಿ ಬಾಡಿಗೆಗಿರುವ ದಂಪತಿಗಳು ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಎರಡು ಬಾರಿ ಹೇಳಿದ್ದರು. ಗೀಸರಿನ ಕಾಯಿಲ್ ಹಳೆಯದಾಗಿ ಸೋರುತ್ತಿತ್ತು, ಅದನ್ನು ಬದಲಾಯಿಸಿದ್ದಾಯಿತು. ಆದರೆ ಮುಂದಿನ ಸಲ ಹೀಗಾದಾಗ ಯಾರಾದರೂ ಬಂದು ಹೇಳುವವರೆಗೆ ಕಾಯಬಾರದು, ಕರೆಂಟ್ ತಾನಾಗಿಯೇ ಕಡಿದುಹೋಗಬೇಕು ಎಂದುಕೊಂಡು 30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿಯನ್ನು ಮೇಲಿನ ಡಿಬಿಯಲ್ಲಿ, ಅಂದರೆ ಸರ್ಕ್ಯೂಟುಗಳು ಕವಲೊಡೆಯುವ ಪೆಟ್ಟಿಗೆಯಲ್ಲಿ, ಕೂರಿಸಲು ಹೇಳಿದೆ. ಕೆಲಸ ಮಧ್ಯಾಹ್ನವೇ ಮುಗಿಯಿತು. ಟೆಸ್ಟ್ ಬಟನ್ ಒತ್ತಿದರೆ ಠಕ್ಕೆಂದು ಬೀಳುತ್ತಿತ್ತು, ಎತ್ತಿದರೆ ನಿಲ್ಲುತ್ತಿತ್ತು. ಸಂಜೆ ಆರೂವರೆಗೆ ನನ್ನ ಹೆಂಡತಿ ಕೆಳಗಿನಿಂದ ಮೆಟ್ಟಿಲ ದೀಪದ ಸ್ವಿಚ್ ಒತ್ತಿದಳು. ಮೇಲಿನ ಮನೆಯೆಲ್ಲ ಕತ್ತಲಾಯಿತು.

ಮೊದಲ ದಿನ ಅದನ್ನು ಕಾಕತಾಳೀಯವೆಂದುಕೊಂಡೆವು. ಎರಡನೆಯ ದಿನವೂ ಹಾಗೆಯೇ ಆದಾಗ ವೈರಿಂಗ್ ಮಾಡಿದವನನ್ನು ಕರೆಸಿದೆ. ಡಿವೈಸೇ ಸರಿಯಿಲ್ಲವೆಂದು ಹೇಳಿ ಅಂಗಡಿಯಿಂದ ಬೇರೊಂದನ್ನು ತಂದು ಹಾಕಿದ. ಸಂಜೆ ಮತ್ತೆ ಅದೇ ಕಥೆ. ಮರುದಿನ ಅವನು ಬಂದು, "ಸಾರ್, ಇದನ್ನ ಬೈಪಾಸ್ ಮಾಡಿಬಿಡ್ತೀನಿ, ಇಷ್ಟು ವರ್ಷ ಇಲ್ದೇನೂ ನಡೀತಿತ್ತಲ್ವಾ" ಎಂದ. ಇಷ್ಟು ವರ್ಷ ನಡೆದದ್ದು ನಿಜ. ಮನೆ ಕಟ್ಟಿ ಇಪ್ಪತ್ತೈದು ವರ್ಷವಾಯಿತು, ಮೆಟ್ಟಿಲ ದೀಪ ಒಂದು ದಿನವೂ ತಕರಾರು ಮಾಡಿದ್ದಿಲ್ಲ. ಆದರೂ ಒಮ್ಮೆ ಮೆಟ್ಟಿಲ ಮೇಲಿನ ಸ್ವಿಚ್‌ಬೋರ್ಡ್ ಬಿಚ್ಚಿ ನೋಡೋಣವೆಂದು ನಾನು ಪಟ್ಟು ಹಿಡಿದೆ. ಮೇಲಿನ ಆರ್‌ಸಿಸಿಬಿ ಬಿದ್ದಿತ್ತು, ಕೆಳಗೆ ಮೆಟ್ಟಿಲ ದೀಪದ ಸ್ವಿಚ್ ಆನ್ ಆಗಿಯೇ ಉಳಿದಿತ್ತು. ಮೇಲೆ ಕರೆಂಟೇ ಇಲ್ಲವೆಂಬ ಧೈರ್ಯದಿಂದ ಅವನು ಬೋರ್ಡ್ ಕಳಚಿ, ಒಳಗಿದ್ದ ಕಪ್ಪು ತಂತಿಯ, ಅಂದರೆ ಕರೆಂಟ್ ಹಿಂದಿರುಗುವ ನ್ಯೂಟ್ರಲ್ಲಿನ, ಗಂಟಿನ ಟೇಪು ಸುಲಿದು ಬೆರಳಿಟ್ಟ. ಮರುಕ್ಷಣ ಕೈ ಹಿಂದಕ್ಕೆಳೆದು, "ಕರಿ ತಂತಿ ಹೊಡೀತಿದೆ ಸಾರ್" ಎಂದು ನನ್ನ ಮುಖ ನೋಡಿದ. ಟೆಸ್ಟರ್ ಹಚ್ಚಿದರೆ ನ್ಯೂಟ್ರಲ್ಲಿನಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು.

ಸಿಕ್ಕ ಸುಳಿವು ಅಷ್ಟೇ ಸಾಕಾಗಿತ್ತು. ಕೆಳಗಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಇಳಿಸಿದರೆ ಮೆಟ್ಟಿಲ ದೀಪ ಆರುತ್ತಿತ್ತು. ಮೇಲಿನ ಆರ್‌ಸಿಸಿಬಿ ಬಿದ್ದರೂ ಅದೇ ದೀಪ ಆರುತ್ತಿತ್ತು. ಅಂದರೆ ಆ ಒಂದು ದೀಪ ಎರಡು ಮನೆಯ ಉಪ್ಪು ತಿನ್ನುತ್ತಿತ್ತು. ಮನೆ ಕಟ್ಟಿದಾಗ ವೈರಿಂಗ್ ಮಾಡಿದವರು ಕರೆಂಟ್ ತರುವ ಫೇಸ್ ತಂತಿಯನ್ನು ಕೆಳಗಿನ ಸ್ವಿಚ್‌ಬೋರ್ಡಿನಿಂದ ತೆಗೆದು, ಮೇಲಿಂದಲೂ ಕೆಳಗಿಂದಲೂ ಹಾಕಿ ಆರಿಸಬಹುದಾದ ಎರಡು ಟೂ-ವೇ ಸ್ವಿಚ್‌ಗಳ ಮೂಲಕ ದೀಪಕ್ಕೆ ಕೊಟ್ಟು, ದೀಪದಿಂದ ಹಿಂದಿರುಗುವ ನ್ಯೂಟ್ರಲ್ಲನ್ನು ಮಾತ್ರ ಪಕ್ಕದಲ್ಲೇ ಸಿಕ್ಕ ಮಹಡಿಯ ಪಡಸಾಲೆಯ ಗಂಟಿಗೆ ಸೇರಿಸಿದ್ದರು. ಇದರಿಂದ ಉಳಿತಾಯವಾದದ್ದು ಹೆಚ್ಚೆಂದರೆ ಎಂಟು ಮೀಟರ್ ತಂತಿ. ಇಂಗ್ಲೆಂಡಿನ ಎಲೆಕ್ಟ್ರಿಷಿಯನ್ನರು ಇಂಥದ್ದನ್ನು ಎರವಲು ತಂದ ನ್ಯೂಟ್ರಲ್ ಎಂದೇ ಕರೆಯುತ್ತಾರೆ, ಅಲ್ಲಿಯೂ ಇದು ಹುಟ್ಟುವುದು ಬಹುಪಾಲು ಮೆಟ್ಟಿಲ ದೀಪದಲ್ಲೇ.

ನಮ್ಮವನಿಗೆ ಇದನ್ನು ತೋರಿಸಿದಾಗ ಅವನು ಕೊಟ್ಟ ಉತ್ತರವನ್ನು ನಾನು ಬೇರೆಬೇರೆ ಬಾಯಿಗಳಿಂದ ಎಷ್ಟೋ ಸಲ ಕೇಳಿದ್ದೇನೆ: "ನ್ಯೂಟ್ರಲ್ ಎಲ್ಲಾ ಒಂದೇ ಅಲ್ವಾ ಸಾರ್." ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ ನಿಂತು ಹೇಳಿದರೆ ಮಾತು ಸರಿ, ಬೀದಿಯ ಎಲ್ಲ ಮನೆಗಳ ನ್ಯೂಟ್ರಲ್ಲೂ ಅಲ್ಲಿ ಹೋಗಿ ಒಂದೇ ಬಿಂದುವಿಗೆ ಸೇರುತ್ತದೆ, ಆ ಬಿಂದುವನ್ನು ಭೂಮಿಗೂ ಸೇರಿಸಿರುತ್ತಾರೆ. ಆದರೆ ಮೀಟರ್ ದಾಟಿ ಮನೆಯೊಳಗೆ ಬಂದ ಮೇಲೆ, ಅದರಲ್ಲೂ ಡಿಬಿ ದಾಟಿದ ಮೇಲೆ, ಪ್ರತಿಯೊಂದು ಸರ್ಕ್ಯೂಟಿಗೂ ತನ್ನದೇ ಆದ ನ್ಯೂಟ್ರಲ್ ಇರಬೇಕು, ಹೋದ ಕರೆಂಟ್ ಹೋದ ದಾರಿಯ ಜೊತೆಗಾರ ತಂತಿಯಲ್ಲೇ ಹಿಂದಿರುಗಬೇಕು. ಫೇಸ್ ತಂತಿಯಲ್ಲಿ 5 ಆಂಪಿಯರ್ ಹೋದರೆ ನ್ಯೂಟ್ರಲ್ಲಿನಲ್ಲೂ 5 ಆಂಪಿಯರೇ ಬರುತ್ತದೆ. ಟೆಸ್ಟರ್ ಹಚ್ಚಿದರೆ ದೀಪ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಸತ್ತ ತಂತಿಯೆಂದು ಜನ ನಂಬುತ್ತಾರೆ. ದೀಪ ಬಾರದಿರುವುದು ಅದರಲ್ಲಿ ಕರೆಂಟ್ ಇಲ್ಲವೆಂದಲ್ಲ, ಅದರ ಇನ್ನೊಂದು ತುದಿ ಭೂಮಿಯನ್ನು ಹಿಡಿದುಕೊಂಡಿರುವುದರಿಂದ ವೋಲ್ಟೇಜ್ ಏರಲು ಅವಕಾಶವಿಲ್ಲವೆಂದು ಮಾತ್ರ. ಆ ಹಿಡಿತ ಬಿಟ್ಟ ಕೂಡಲೇ, ನಡುವೆ ಯಾವುದಾದರೂ ದೀಪವೋ ಫ್ಯಾನೋ ಆನ್ ಇದ್ದರೆ ಸಾಕು, ಆ ಉಪಕರಣದ ಮೂಲಕ ಫೇಸಿನ 230 ವೋಲ್ಟ್ ಹಾಯ್ದು ಕಪ್ಪು ತಂತಿಗೆ ಬಂದು ನಿಲ್ಲುತ್ತದೆ. ನಮ್ಮ ಮೆಟ್ಟಿಲ ಮೇಲೆ ಆದದ್ದು ಅದೇ. ಆರ್‌ಸಿಸಿಬಿ ಬಿದ್ದು ಮೇಲಿನ ನ್ಯೂಟ್ರಲ್ಲನ್ನು ಕಡಿದಿತ್ತು, ಕೆಳಗಿನ ಫೇಸ್ ದೀಪದ ಮೂಲಕ ಬಂದು ಮಹಡಿಯ ಕಪ್ಪು ತಂತಿಗಳನ್ನೆಲ್ಲ ಜೀವಂತ ಮಾಡಿತ್ತು.

ಆರ್‌ಸಿಸಿಬಿ ಯಾಕೆ ಬಿತ್ತು ಎಂಬುದೂ ಇದೇ ಲೆಕ್ಕಕ್ಕೆ ಸೇರಿದ್ದು. ಅದರೊಳಗೆ ಕಬ್ಬಿಣದ ಒಂದು ಬಳೆಯಿದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ನಡುವೆ ಹಾಯುತ್ತವೆ. ಹೋದದ್ದೂ ಬಂದದ್ದೂ ಸಮವಾಗಿದ್ದರೆ ಒಂದರ ಕಾಂತಶಕ್ತಿಯನ್ನು ಇನ್ನೊಂದು ಅಳಿಸಿಹಾಕುತ್ತದೆ, ಬಳೆ ಸುಮ್ಮನಿರುತ್ತದೆ. ವ್ಯತ್ಯಾಸ ಬಂದರೆ, ಅಂದರೆ ಒಂದಷ್ಟು ಕರೆಂಟ್ ಯಾರದೋ ಮೈಯ ಮೂಲಕವೋ ಗೀಸರಿನ ನೀರಿನ ಮೂಲಕವೋ ಬೇರೆ ದಾರಿ ಹಿಡಿದಿದೆಯೆಂದು ತೋರಿದರೆ, ಅದು ಸ್ವಿಚ್ಚನ್ನು ಬೀಳಿಸುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ 15ರಿಂದ 30 ಮಿಲಿ ಆಂಪಿಯರ್ ವ್ಯತ್ಯಾಸದ ಒಳಗೆಲ್ಲೋ ಬೀಳುವಂತೆ ತಯಾರಾಗಿರುತ್ತದೆ. ನಮ್ಮ ಮೆಟ್ಟಿಲಿನಲ್ಲಿದ್ದದ್ದು 9 ವ್ಯಾಟಿನ ಎಲ್‌ಇಡಿ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, ಕಡಿಮೆಯಿರುವುದರಿಂದ ಅಂಥ ದೀಪ 40ರಿಂದ 70 ಮಿಲಿ ಆಂಪಿಯರ್ ಎಳೆಯುತ್ತದೆ. ಕೆಳಗಿನಿಂದ ಹೋದ ಆ ಕರೆಂಟ್ ಮೇಲಿನ ನ್ಯೂಟ್ರಲ್ಲಿನಲ್ಲಿ ಹಿಂದಿರುಗಿದಾಗ, ಹೋಗದೇ ಇದ್ದದ್ದು ಬಂತಲ್ಲ ಎಂದು ಮೇಲಿನ ಆರ್‌ಸಿಸಿಬಿ ಬಿದ್ದಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು; ಬೈಯಿಸಿಕೊಂಡದ್ದೂ ಅದೇ.

ಇನ್ನೊಂದು ಸಾಕ್ಷಿ ಮೀಟರ್ ಬೋರ್ಡಿನಲ್ಲಿ ವರ್ಷಗಳಿಂದ ಕಣ್ಣು ಮಿಟುಕಿಸುತ್ತಿತ್ತು, ನಾವು ನೋಡಿರಲಿಲ್ಲ. ಎಲೆಕ್ಟ್ರಾನಿಕ್ ಮೀಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆಯುತ್ತವೆ. ಎರಡಕ್ಕೂ ತಾಳೆಯಾಗದಿದ್ದರೆ ಇ-ಎಲ್ ಎಂದು ಬರೆದ ಚಿಕ್ಕ ಕೆಂಪು ದೀಪ ಉರಿಯುತ್ತದೆ, ಅರ್ಥ್ ಲೋಡ್ ಎಂದು ಅದರ ಅರ್ಥ. ನ್ಯೂಟ್ರಲ್ ತಪ್ಪಿಸಿ ಭೂಮಿಗೆ ಕರೆಂಟ್ ಬಿಟ್ಟು ಬಿಲ್ಲು ಕಳ್ಳತನ ಮಾಡುವವರನ್ನು ಹಿಡಿಯಲು ಮಾಡಿದ ಏರ್ಪಾಡು ಅದು, ಹಾಗಾಗಿ ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುವಂತೆ ಇಂಥ ಮೀಟರುಗಳನ್ನು ರೂಪಿಸಿರುತ್ತಾರೆ. ಎರವಲು ನ್ಯೂಟ್ರಲ್ ಇದ್ದ ಮನೆಯಲ್ಲಿ ಇದರ ಫಲ ವಿಚಿತ್ರ: ಫೇಸ್ ಕೊಟ್ಟ ಮೀಟರೂ ಓಡುತ್ತದೆ, ನ್ಯೂಟ್ರಲ್ ಕೊಟ್ಟ ಮೀಟರೂ ಓಡಬಹುದು. 60 ವ್ಯಾಟಿನ ಬಲ್ಬನ್ನು ದಿನಕ್ಕೆ ಆರು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 131 ಯೂನಿಟ್; ಅದಕ್ಕೆ ನಾವೂ ಕೊಟ್ಟು ಮಹಡಿಯವರೂ ಕೊಟ್ಟ ವರ್ಷಗಳು ಇದ್ದಿರಬಹುದೆಂದು ನೆನೆದರೆ ಈಗ ಸಂಕೋಚವಾಗುತ್ತದೆ.

ನಿಯಮಗಳು ಈ ವಿಷಯದಲ್ಲಿ ಎಂದೂ ಅಸ್ಪಷ್ಟವಾಗಿದ್ದದ್ದಿಲ್ಲ. ನಮ್ಮಲ್ಲಿ ಮನೆ ವೈರಿಂಗಿಗೆ ಮುಖ್ಯ ಆಧಾರ ಭಾರತೀಯ ಮಾನಕ ಸಂಸ್ಥೆಯ ಐಎಸ್ 732. 1989ರ ಆವೃತ್ತಿ ಬಹುಕಾಲ ನಡೆಯಿತು, 2019ರಲ್ಲಿ ಹೊಸದು ಬಂತು. ಅದರ ಜೊತೆಗೆ ಅದೇ ಸಂಸ್ಥೆಯ ರಾಷ್ಟ್ರೀಯ ವಿದ್ಯುತ್ ಸಂಹಿತೆಯಿದೆ, 1985ರಲ್ಲಿ ಮೊದಲು ಪ್ರಕಟವಾದದ್ದು. ಪ್ರತಿ ಸರ್ಕ್ಯೂಟಿನ ನ್ಯೂಟ್ರಲ್ಲೂ ಡಿಬಿಯ ನ್ಯೂಟ್ರಲ್ ಲಿಂಕಿಗೆ, ಅಂದರೆ ನ್ಯೂಟ್ರಲ್ ತಂತಿಗಳನ್ನು ಸ್ಕ್ರೂ ಹಾಕಿ ಬಿಗಿಯುವ ಲೋಹದ ಪಟ್ಟಿಗೆ, ಬೇರೆಬೇರೆಯಾಗಿಯೇ ಬಂದು ಸೇರಬೇಕು, ಪರೀಕ್ಷೆ ಮಾಡುವಾಗ ಒಂದೊಂದನ್ನೇ ಕಳಚುವಂತಿರಬೇಕು ಎಂಬುದು ಐಎಸ್ 732ರ ಹಳೆಯ ಮಾತು. ಓದುವಾಗ ಬಹಳ ಸಣ್ಣ ಸೂಚನೆಯಂತೆ ಕಾಣುತ್ತದೆ. ಆದರೆ ಒಂದೊಂದಾಗಿ ಕಳಚಲು ಬರಬೇಕಾದರೆ ಪ್ರತಿಯೊಂದಕ್ಕೂ ಸ್ವಂತ ತಂತಿಯಿರಲೇಬೇಕು, ನಡುದಾರಿಯ ಜಂಕ್ಷನ್ ಬಾಕ್ಸಿನಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ದಪ್ಪ ತಂತಿಯಾಗಿ ತರುವಂತಿಲ್ಲ. ಬ್ರಿಟನ್ನಿನ ಬಿಎಸ್ 7671 ಇದನ್ನೇ ಇನ್ನೂ ನೇರವಾಗಿ ಹೇಳುತ್ತದೆ: ಪ್ರತಿಯೊಂದು ಕೊನೆಯ ಸರ್ಕ್ಯೂಟಿನ ವೈರಿಂಗೂ ಉಳಿದೆಲ್ಲದರಿಂದ ಬೇರೆಯಾಗಿರಬೇಕು, ಆಫ್ ಮಾಡಿದೆವೆಂದುಕೊಂಡ ಸರ್ಕ್ಯೂಟಿಗೆ ಬೇರೊಂದರಿಂದ ಸುತ್ತುದಾರಿಯಲ್ಲಿ ಕರೆಂಟ್ ಬರಬಾರದು. ಸುತ್ತುದಾರಿ ಎಂಬುದನ್ನು ನಾನು ನಮ್ಮ ಎಲೆಕ್ಟ್ರಿಷಿಯನ್ನಿನ ಬೆರಳ ತುದಿಯಲ್ಲಿ ಕಂಡಿದ್ದೇನೆ.

ಇದರ ಜೊತೆಗೆ ಕಾನೂನಿನ ಒಂದು ಹಳೆಯ ಅಂಶವನ್ನೂ ಹೇಳಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳ 32ನೆಯ ನಿಯಮದ ಪ್ರಕಾರ ನ್ಯೂಟ್ರಲ್ ತಂತಿಯೊಂದರಲ್ಲೇ ಫ್ಯೂಸನ್ನಾಗಲಿ ಸ್ವಿಚ್ಚನ್ನಾಗಲಿ ಹಾಕುವಂತಿರಲಿಲ್ಲ. ಹಾಕುವುದಾದರೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಟ್ಟಿಗೇ ಕಡಿಯುವ ಜೋಡಿ ಸ್ವಿಚ್ ಆಗಿರಬೇಕಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಗೂ ಇದು ಹಾಗೆಯೇ ಬಂತು. ಹಳೆಯ ಮನೆಗಳಲ್ಲಿ ಇಂದಿಗೂ ಮೇನ್ ಬೋರ್ಡಿನಲ್ಲಿ ಪಿಂಗಾಣಿಯ ಎರಡು ಫ್ಯೂಸ್ ಕಾಣಸಿಗುತ್ತವೆ, ಒಂದು ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ. ನ್ಯೂಟ್ರಲ್ ಫ್ಯೂಸ್ ಮೊದಲು ಸುಟ್ಟರೆ ಮನೆ ಕತ್ತಲಾಗುತ್ತದೆ, ಆದರೆ ಫೇಸ್ ಮಾತ್ರ ಪ್ರತಿ ಹೋಲ್ಡರಿನಲ್ಲೂ ಕಾಯುತ್ತಾ ಕೂತಿರುತ್ತದೆ. ಅಜ್ಜಿ ಮನೆಯಲ್ಲಿ ನನ್ನ ಮಾವನೊಬ್ಬರು ಬಲ್ಬ್ ಬದಲಾಯಿಸಲು ಹೋಗಿ ಕುರ್ಚಿಯಿಂದ ಕೆಳಗೆ ಬಿದ್ದದ್ದು ಹೀಗೆಯೇ.

ಹಂಚಿಕೊಂಡ ನ್ಯೂಟ್ರಲ್ಲಿನ ಇನ್ನೊಂದು ಕೇಡು ಬಿಸಿ. ನಮ್ಮವರು ಎರಡೂವರೆ ಎಂಎಂ ಎಂದು ಕರೆಯುವ, ಅಂದರೆ 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಎರಡು ಪವರ್ ಸರ್ಕ್ಯೂಟ್ ಎಳೆದು, ಎರಡಕ್ಕೂ 16 ಆಂಪಿಯರಿನ ಎಂಸಿಬಿ ಹಾಕಿ, ನ್ಯೂಟ್ರಲ್ ಮಾತ್ರ ಒಂದೇ ಎಳೆದಿದ್ದಾರೆಂದುಕೊಳ್ಳಿ. ಒಂದರಲ್ಲಿ ಗೀಸರ್, ಇನ್ನೊಂದರಲ್ಲಿ ಇಸ್ತ್ರಿಪೆಟ್ಟಿಗೆಯೂ ಮೈಕ್ರೋವೇವೂ. ಎರಡೂ ಎಂಸಿಬಿಗಳು ತಮ್ಮ ತಮ್ಮ ಮಿತಿಯೊಳಗೇ ಇರುತ್ತವೆ, ಯಾವುದೂ ಬೀಳುವುದಿಲ್ಲ. ಎರಡೂ ಒಂದೇ ಫೇಸಿನವಾದರೆ ಗೋಡೆಯೊಳಗಿನ ನ್ಯೂಟ್ರಲ್ಲಿನಲ್ಲಿ ಮಾತ್ರ 32 ಆಂಪಿಯರಿನವರೆಗೂ ಹರಿಯಬಹುದು. ಅದನ್ನು ಕಾಯುವ ಎಂಸಿಬಿಯೇ ಇಲ್ಲ. ಪೈಪಿನೊಳಗೆ ಆ ತಂತಿಯ ಪಿವಿಸಿ ಮೆತ್ತಗಾಗಿ, ಕಂದಾಗಿ, ಬಾಕ್ಸಿನೊಳಗಿನ ಗಂಟು ಸಡಿಲಾಗುತ್ತ ಹೋಗುತ್ತದೆ. ಹೊರಗಿನ ಸ್ವಿಚ್ ಪ್ಲೇಟು ಬೆಳ್ಳಗೆ ನಗುತ್ತಲೇ ಇರುತ್ತದೆ.

ತ್ರೀ ಫೇಸ್ ಇರುವ ಮನೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಮೂರು ಫೇಸುಗಳ ಕರೆಂಟ್ ಒಂದೇ ನ್ಯೂಟ್ರಲ್ಲಿಗೆ ಬಂದಾಗ ಕೂಡಿಕೊಳ್ಳುವ ಬದಲು ಒಂದನ್ನೊಂದು ಕಳೆಯುತ್ತವೆ. ಮೂರರಲ್ಲೂ 10 ಆಂಪಿಯರ್ ಸರಿಸಮವಾಗಿದ್ದರೆ ನ್ಯೂಟ್ರಲ್ಲಿನಲ್ಲಿ ಸೊನ್ನೆ. ಹಾಗಾಗಿ ಒಂದೇ ನ್ಯೂಟ್ರಲ್ ಸಾಕೆಂಬ ವಾದಕ್ಕೆ ಅಲ್ಲಿ ಒಂದು ಆಧಾರವಿದೆ, ಕಂಬದಿಂದ ಬರುವ ಲೈನೂ ಹಾಗೆಯೇ ನಡೆಯುತ್ತಿದೆ. ಅಂತರರಾಷ್ಟ್ರೀಯ ಮಾನಕವಾದ ಐಇಸಿ 60364 ಕೂಡ ಒಂದು ಕಿಂಡಿ ಬಿಟ್ಟಿದೆ: ಹಲವು ಮುಖ್ಯ ಸರ್ಕ್ಯೂಟುಗಳಿಗೆ ಒಂದೇ ನ್ಯೂಟ್ರಲ್ ಕೂಡದು, ಆದರೆ ಒಂದು ತ್ರೀ ಫೇಸ್ ಸರ್ಕ್ಯೂಟಿನ ಒಂದೊಂದು ಫೇಸನ್ನು ಅದರದೇ ನ್ಯೂಟ್ರಲ್ಲಿನೊಂದಿಗೆ ಬಳಸಬಹುದು, ಏರ್ಪಾಡು ನೋಡಿದವರಿಗೆ ತಿಳಿಯುವಂತಿರಬೇಕು, ಅದನ್ನು ಆಫ್ ಮಾಡುವ ಸ್ವಿಚ್ ಎಲ್ಲ ತಂತಿಗಳನ್ನೂ ಒಟ್ಟಿಗೆ ಕಡಿಯಬೇಕು. ಆದರೆ ಈ ಕಳೆಯುವ ಲೆಕ್ಕಕ್ಕೂ ಈಗ ಕನ್ನ ಬಿದ್ದಿದೆ. ಎಲ್‌ಇಡಿ ಡ್ರೈವರು, ಕಂಪ್ಯೂಟರು, ಚಾರ್ಜರುಗಳು ಎಳೆಯುವ ಕರೆಂಟಿನಲ್ಲಿ ಮೂರನೆಯ ಹಾರ್ಮೋನಿಕ್, ಅಂದರೆ ಮೂಲದ 50 ಹರ್ಟ್ಸಿಗೆ ಮೂರು ಪಟ್ಟಾದ 150 ಹರ್ಟ್ಸಿನ ಅಂಶ ಹೆಚ್ಚು. ಅದು ಮೂರು ಫೇಸುಗಳಿಂದಲೂ ಬಂದು ನ್ಯೂಟ್ರಲ್ಲಿನಲ್ಲಿ ಕಳೆಯುವುದಿಲ್ಲ, ಕೂಡುತ್ತದೆ. ಇಂಥ ಉಪಕರಣಗಳೇ ತುಂಬಿದ ಕಚೇರಿಯಲ್ಲಿ ನ್ಯೂಟ್ರಲ್ಲಿನ ಕರೆಂಟ್ ಫೇಸಿನದಕ್ಕಿಂತಲೂ ಮೀರಬಹುದು.

ನ್ಯೂಟ್ರಲ್ ಕಡಿದರಂತೂ ತ್ರೀ ಫೇಸಿನಲ್ಲಿ ಆಗುವುದು ಬರೀ ಕತ್ತಲಲ್ಲ. ಹುಣಸೂರಿನ ಕಡೆ ಇರುವ ನಮ್ಮ ಸಂಬಂಧಿಕರ ಮನೆಯಲ್ಲಿ ಡಿಬಿಯ ನ್ಯೂಟ್ರಲ್ ಲಿಂಕಿನ ಸ್ಕ್ರೂ ಸಡಿಲಾಗಿ ಸುಟ್ಟು ಬಿಟ್ಟುಕೊಂಡಿತು. ಪಡಸಾಲೆಯ ಟಿವಿ ಹೊಗೆಯಾಡಿತು, ಒಳಕೋಣೆಯ ಫ್ಯಾನ್ ತೆವಳತೊಡಗಿತು, ಎರಡೂ ಒಂದೇ ಗಳಿಗೆಯಲ್ಲಿ. ದೆವ್ವದ ಕಾಟವೆಂದೇ ಮನೆಯ ಹಿರಿಯರು ಮೊದಲು ಹೇಳಿದ್ದರಂತೆ. ಲೆಕ್ಕ ಹಾಕಿದರೆ ದೆವ್ವ ಕಾಣುತ್ತದೆ. ಒಂದು ಫೇಸಿನಲ್ಲಿ 100 ವ್ಯಾಟಿನ ಟಿವಿ, ಇನ್ನೊಂದರಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಇದ್ದು ನ್ಯೂಟ್ರಲ್ ತಪ್ಪಿದರೆ, ಅವೆರಡೂ ಒಂದರ ಹಿಂದೊಂದು ಸಾಲಾಗಿ, ಎರಡು ಫೇಸುಗಳ ನಡುವೆ ಇರುವ 400 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ಟಿವಿಯನ್ನು 529 ಓಮಿನ ರೆಸಿಸ್ಟೆನ್ಸ್ ಎಂದೂ ಇಸ್ತ್ರಿಪೆಟ್ಟಿಗೆಯನ್ನು ಸುಮಾರು 53 ಓಮ್ ಎಂದೂ ಹಿಡಿದರೆ, ಟಿವಿಯ ಪಾಲಿಗೆ 364 ವೋಲ್ಟ್ ಬರುತ್ತದೆ, ಇಸ್ತ್ರಿಪೆಟ್ಟಿಗೆಗೆ 36 ಉಳಿಯುತ್ತದೆ. ಹಗುರದ ಲೋಡೇ ಸುಡುತ್ತದೆ ಎಂಬುದು ಇದರ ಕ್ರೂರ ತಮಾಷೆ. ಮೂರು ಸರ್ಕ್ಯೂಟ್ ಸೇರಿ ಒಂದೇ ನ್ಯೂಟ್ರಲ್ಲನ್ನು ಹಂಚಿಕೊಂಡು, ಆ ನ್ಯೂಟ್ರಲ್ ಸಾಕೆಟ್ಟಿನಿಂದ ಸಾಕೆಟ್ಟಿಗೆ ಸ್ಕ್ರೂ ಕೆಳಗೆ ಲೂಪ್ ಆಗಿ ಹೋಗಿದ್ದರೆ, ಒಂದು ಸಾಕೆಟ್ ಬದಲಾಯಿಸಲು ಬಿಚ್ಚಿದ ಗಳಿಗೆಯಲ್ಲೂ ಇದೇ ಆಗುತ್ತದೆ.

ಅಮೆರಿಕದವರು ಈ ಹಂಚಿಕೆಯನ್ನು ಅಧಿಕೃತವಾಗಿಯೇ ಒಪ್ಪಿಕೊಂಡಿದ್ದಾರೆ, ಆದ್ದರಿಂದ ಅವರ ಕಟ್ಟುಪಾಡು ನೋಡುವಂಥದ್ದು. ಅಲ್ಲಿ ಮನೆಗೆ ಬರುವುದು 120-0-120 ವೋಲ್ಟ್, ಅಂದರೆ ನ್ಯೂಟ್ರಲ್ಲಿನ ಎರಡೂ ಬದಿಗೆ 120 ವೋಲ್ಟಿನ ಒಂದೊಂದು ಕಾಲು. ಎರಡು ಬೇರೆ ಕಾಲುಗಳಿಂದ ಕಪ್ಪು ಮತ್ತು ಕೆಂಪು ತಂತಿ ತಂದು ನಡುವಿನ ಬಿಳಿ ನ್ಯೂಟ್ರಲ್ಲನ್ನು ಎರಡಕ್ಕೂ ಹಂಚುತ್ತಾರೆ. ಒಂದರಲ್ಲಿ 10 ಆಂಪಿಯರ್, ಇನ್ನೊಂದರಲ್ಲಿ 8 ಇದ್ದರೆ ನ್ಯೂಟ್ರಲ್ಲಿನಲ್ಲಿ ಬರೀ 2. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದನ ಅಡುಗೆಮನೆಯಲ್ಲಿ ಇಂಥದ್ದೇ ಇದೆ. ಅವರ ವಿದ್ಯುತ್ ಸಂಹಿತೆಯ 200.4ರಲ್ಲಿ ಮೊದಲು ನಿಷೇಧವನ್ನೇ ಹೇಳಿ, ಒಂದು ನ್ಯೂಟ್ರಲ್ ಒಂದಕ್ಕಿಂತ ಹೆಚ್ಚು ಸರ್ಕ್ಯೂಟಿಗೆ ಕೂಡದೆಂದು ಹೇಳಿ, ಈ ಜೋಡಿ ಸರ್ಕ್ಯೂಟಿಗೆ ಮಾತ್ರ ದಾರಿ ಬಿಟ್ಟಿದ್ದಾರೆ. 2008ರ ಆವೃತ್ತಿಯಿಂದ ಇಂಥ ಜೋಡಿಯ ಎರಡೂ ಬ್ರೇಕರುಗಳು ಒಟ್ಟಿಗೇ ಆಫ್ ಆಗುವಂತೆ ಹಿಡಿಕೆ ಜೋಡಿಸುವುದು ಎಲ್ಲೆಡೆ ಕಡ್ಡಾಯ. ಸಾಕೆಟ್ ಕಳಚಿದರೆ ನ್ಯೂಟ್ರಲ್ ಕಡಿಯಬಾರದು. ಆದ್ದರಿಂದ ನ್ಯೂಟ್ರಲ್ಲುಗಳನ್ನು ಬಾಕ್ಸಿನೊಳಗೇ ಗಂಟು ಹಾಕಿ, ಅದರಿಂದೊಂದು ಚಿಕ್ಕ ಬಾಲದ ತಂತಿಯನ್ನು ಮಾತ್ರ ಸಾಕೆಟ್ಟಿಗೆ ಕೊಡಬೇಕು. ಯಾರಾದರೂ ತಿಳಿಯದೆ ಎರಡು ಬ್ರೇಕರನ್ನೂ ಒಂದೇ ಕಾಲಿಗೆ ಬದಲಾಯಿಸಿದರೆ 10 ಮತ್ತು 8 ಕಳೆಯುವ ಬದಲು ಕೂಡಿ 18 ಆಗುತ್ತದೆ, ತಂತಿ 15 ಆಂಪಿಯರಿನದು. ಇಷ್ಟೆಲ್ಲ ಷರತ್ತಿನ ಮೇಲೆ ಉಳಿಯುವುದು ಒಂದು ತಂತಿ. ನಮ್ಮಲ್ಲಿ ಷರತ್ತುಗಳನ್ನು ಬಿಟ್ಟು ಉಳಿತಾಯವನ್ನಷ್ಟೇ ಇಟ್ಟುಕೊಂಡಿದ್ದೇವೆ ಎನ್ನಬಹುದು.

ಹಾಗಾದರೆ ಹಸಿರು ತಂತಿಯನ್ನೂ, ಅಂದರೆ ಅರ್ಥನ್ನೂ, ಹಂಚಿಕೊಳ್ಳಬಾರದೇ ಎಂದು ನಮ್ಮ ಎಲೆಕ್ಟ್ರಿಷಿಯನ್ ಕೇಳಿದ. ಅವನ ಬದುಕಿನಲ್ಲಿ ಎರಡೂ ತಲೆಕೆಳಗಾಗಿದ್ದವು: ನ್ಯೂಟ್ರಲ್ಲನ್ನು ಧಾರಾಳವಾಗಿ ಹಂಚುತ್ತಿದ್ದ, ಅರ್ಥಿಂಗನ್ನು ಬೇಕಾದ ಕಡೆಗೂ ಕೊಡದೆ ಬಿಡುತ್ತಿದ್ದ. ಅರ್ಥ್ ತಂತಿಯನ್ನು ಹಲವು ಸರ್ಕ್ಯೂಟುಗಳು ಹಂಚಿಕೊಳ್ಳಬಹುದು. ಎಲ್ಲ ನೆಟ್ಟಗಿದ್ದಾಗ ಅದರಲ್ಲಿ ಕೆಲಸದ ಕರೆಂಟ್ ಹರಿಯುವುದೇ ಇಲ್ಲ, ಆರ್‌ಸಿಸಿಬಿಯ ಬಳೆಯೊಳಗೆ ಅದು ಹಾಯುವುದೂ ಇಲ್ಲ, ಎಲ್ಲಿ ಗಂಟು ಹಾಕಿದರೂ ಕೊನೆಗೆ ಸೇರುವುದು ಒಂದೇ ಅರ್ಥ್ ಬಾರಿಗೆ. ಷರತ್ತು ದಪ್ಪದ್ದು: ಹಂಚಿಕೊಂಡ ಸರ್ಕ್ಯೂಟುಗಳಲ್ಲಿ ಯಾವುದರ ಫೇಸ್ ತಂತಿ ಎಲ್ಲಕ್ಕಿಂತ ದಪ್ಪವೋ ಅದರ ಲೆಕ್ಕಕ್ಕೆ ಅರ್ಥ್ ಇರಬೇಕು. ಫೇಸ್ 16 ಚದರ ಮಿಲಿಮೀಟರಿನವರೆಗೆ ಇದ್ದರೆ ಅಷ್ಟೇ ದಪ್ಪದ ಅರ್ಥ್ ಸಾಕು; 16ರಿಂದ 35ರವರೆಗೆ 16; ಅದಕ್ಕೂ ಮೇಲಾದರೆ ಅರ್ಧ. ಒಂದೇ ಪೈಪಿನಲ್ಲಿ 1.5ರ ಲೈಟ್ ಸರ್ಕ್ಯೂಟೂ 4ರ ಎಸಿ ಸರ್ಕ್ಯೂಟೂ ಹೋಗುತ್ತಿದ್ದರೆ ಎರಡಕ್ಕೂ ಸೇರಿ 4ರ ಒಂದೇ ಹಸಿರು ತಂತಿ ನಡೆದೀತು, 1.5ರದ್ದು ನಡೆಯದು. ಒಂದು ಅಪಾಯವನ್ನು ಮರೆಯಬಾರದು. ಹಂಚಿಕೊಂಡ ಆ ಅರ್ಥ್ ಡಿಬಿಯ ಕಡೆ ತುಂಡಾದರೆ, ಗೀಸರಿನಲ್ಲಾದ ದೋಷ ಅದೇ ಹಸಿರು ತಂತಿಯ ಮೇಲೇರಿ ವಾಷಿಂಗ್ ಮೆಷಿನ್ನಿನ ಮೈಗೂ ಫ್ರಿಜ್ಜಿನ ಬಾಗಿಲಿಗೂ ಬರುತ್ತದೆ. ಆದ್ದರಿಂದ ಅದನ್ನು ಸ್ವಿಚ್ಚಿನಲ್ಲಾಗಲಿ ಫ್ಯೂಸಿನಲ್ಲಾಗಲಿ ಕಡಿಯುವಂತಿಲ್ಲ, ಒಂದು ಸಾಕೆಟ್ ಕಳಚಿದರೆ ಮುಂದಿನದಕ್ಕೆ ತಪ್ಪುವಂತೆಯೂ ಇರಬಾರದು.

ಹಂಚಿಕೊಳ್ಳಬಾರದ್ದು ನ್ಯೂಟ್ರಲ್ಲೂ ಅರ್ಥೂ ಪರಸ್ಪರ. ಅರ್ಥಿಂಗ್ ಇಲ್ಲದ ಮನೆಗೆ ಹೊಸ ಫ್ರಿಜ್ ಬಂದಾಗ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೂ ನ್ಯೂಟ್ರಲ್ಲಿಗೂ ನಡುವೆ ಒಂದು ಅಂಗುಲದ ತಂತಿ ಹಾಕಿ ಲೂಪ್ ಹೊಡೆದುಕೊಡುವವರನ್ನು ನಾನು ಕಂಡಿದ್ದೇನೆ. ಟೆಸ್ಟಿಂಗ್ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ, ಅರ್ಥಿಂಗ್ ಬಂತೆಂದು ಮನೆಯವರೂ ನಂಬುತ್ತಾರೆ. ಆಮೇಲೆ ಎಂದೋ ಆ ನ್ಯೂಟ್ರಲ್ ಎಲ್ಲಿಯಾದರೂ ತಪ್ಪಿದರೆ ಫ್ರಿಜ್ಜಿನ ಇಡೀ ಮೈ 230 ವೋಲ್ಟಿಗೆ ಏರುತ್ತದೆ. ಆರ್‌ಸಿಸಿಬಿ ದಾಟಿದ ಮೇಲೆ ಎಲ್ಲಿ ನ್ಯೂಟ್ರಲ್ಲೂ ಅರ್ಥೂ ತಾಗಿದರೂ ಕರೆಂಟ್ ಎರಡು ದಾರಿಯಲ್ಲಿ ಹಂಚಿಹೋಗಿ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಬಳಕೆದಾರನ ಮನೆಯೊಳಗೆ ಇವೆರಡನ್ನೂ ಸೇರಿಸುವ ಕೆಲಸವಿಲ್ಲ. ಅದು ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ, ಎರಡು ಪ್ರತ್ಯೇಕ ಅರ್ಥ್‌ಗಳ ಮೂಲಕ ಆಗಿರುತ್ತದೆ. ಅರ್ಥ್ ಪಿಟ್ (ಅರ್ಥ್ ತಂತಿ ನೆಲ ಸೇರುವ ಗುಂಡಿ) ಒಂದಿದ್ದರೆ ಸಾಕು, ಆರ್‌ಸಿಸಿಬಿ ಬೇಡ ಎನ್ನುವವರಿಗೂ ಒಂದು ಲೆಕ್ಕ: ನಮ್ಮ ಪಿಟ್ಟಿನ ರೆಸಿಸ್ಟೆನ್ಸ್ 10 ಓಮ್, ಟ್ರಾನ್ಸ್‌ಫಾರ್ಮರಿನದು 2 ಓಮ್ ಇದ್ದರೆ, ಫೇಸ್ ನೇರವಾಗಿ ಗೀಸರಿನ ಮೈಗೆ ತಾಗಿದರೂ ಭೂಮಿಯ ಮೂಲಕ ಹರಿಯುವುದು ಸುಮಾರು 19 ಆಂಪಿಯರ್. ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಒಂದು ಗಂಟೆಯಾದರೂ ಬೀಳದೇ ಇರಬಹುದು.

ಇನ್ವರ್ಟರಿನ ವಿಷಯವನ್ನು ಇಲ್ಲಿ ಚುಟುಕಾಗಿ ಸೇರಿಸುತ್ತೇನೆ, ಏಕೆಂದರೆ ಆರ್‌ಸಿಸಿಬಿಯ ಬಗ್ಗೆ ಬರುವ ದೂರುಗಳಲ್ಲಿ ಅದರದ್ದೂ ದೊಡ್ಡ ಪಾಲು. ಇನ್ವರ್ಟರಿನ ಪ್ಲಗ್ಗನ್ನು ಪವರ್ ಸರ್ಕ್ಯೂಟಿನ ಸಾಕೆಟ್ಟಿಗೆ ಚುಚ್ಚಿ, ಅದರಿಂದ ಹೊರಬರುವ ಫೇಸೊಂದನ್ನು ಮಾತ್ರ ಲೈಟ್ ಸರ್ಕ್ಯೂಟಿಗೆ ಕೊಟ್ಟು, ನ್ಯೂಟ್ರಲ್ಲಿಗೆ ಹೇಗಿದ್ದರೂ ಮನೆಯದ್ದೇ ಇದೆಯಲ್ಲ ಎಂದು ಬಿಡುತ್ತಾರೆ. ಪವರಿಗೊಂದು ಲೈಟಿಗೊಂದು ಆರ್‌ಸಿಸಿಬಿ ಇದ್ದರೆ ಕರೆಂಟ್ ಒಂದರ ಫೇಸಿನಲ್ಲಿ ಹೋಗಿ ಇನ್ನೊಂದರ ನ್ಯೂಟ್ರಲ್ಲಿನಲ್ಲಿ ಬರುತ್ತದೆ, ಎರಡೂ ಬೀಳುತ್ತವೆ. ಇನ್ವರ್ಟರಿನಿಂದ ಫೇಸೂ ನ್ಯೂಟ್ರಲ್ಲೂ ಎರಡನ್ನೂ ತಂದು, ಅದರ ಸರ್ಕ್ಯೂಟುಗಳಿಗೆ ಡಿಬಿಯಲ್ಲಿ ಪ್ರತ್ಯೇಕ ನ್ಯೂಟ್ರಲ್ ಲಿಂಕ್ ಕೊಟ್ಟರೆ ಮುಗಿಯಿತು. ಒಂದಕ್ಕಿಂತ ಹೆಚ್ಚು ಆರ್‌ಸಿಸಿಬಿ ಇರುವ ಯಾವ ಡಿಬಿಯಲ್ಲೂ ಪ್ರತಿಯೊಂದಕ್ಕೂ ಬೇರೆ ಲಿಂಕ್ ಇರಬೇಕು. ಎಲ್ಲ ಕಪ್ಪು ತಂತಿಗಳನ್ನೂ ಅಂದವಾಗಿ ಸಾಲಾಗಿ ಒಂದೇ ಲಿಂಕಿಗೆ ಬಿಗಿದ ಡಿಬಿ ನೋಡಲಷ್ಟೇ ಚೆನ್ನ.

ನಮ್ಮ ಮನೆಯಲ್ಲಿ ಇನ್ನೆಲ್ಲಿ ಎರವಲು ಅಡಗಿದೆಯೆಂದು ಹುಡುಕಲು ಒಂದು ಭಾನುವಾರ ಬೇಕಾಯಿತು. ಎರಡೂ ಮನೆಯ ಮೇನ್ ಇಳಿಸಿ, ಬಲ್ಬುಗಳನ್ನೆಲ್ಲ ಕಳಚಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಫ್ಯಾನುಗಳ ಸ್ವಿಚ್ ಆಫ್ ಮಾಡಿ, ಲಿಂಕಿನಿಂದ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಮಲ್ಟಿಮೀಟರಿನ ಬೀಪ್ ಶಬ್ದಕ್ಕೆ ಕಿವಿಗೊಟ್ಟೆವು. ಎರಡು ಸರ್ಕ್ಯೂಟಿನ ನ್ಯೂಟ್ರಲ್ಲುಗಳ ನಡುವೆ ಬೀಪ್ ಬಂದರೆ ಅವು ಎಲ್ಲೋ ಒಳಗೆ ಕೈ ಹಿಡಿದಿವೆಯೆಂದು ಅರ್ಥ. ಮೆಟ್ಟಿಲಿನದಲ್ಲದೆ ಇನ್ನೊಂದು ಸಿಕ್ಕಿತು: ಕೆಳಗಿನ ದೇವರಮನೆಯ ದೀಪದ ನ್ಯೂಟ್ರಲ್ ಅಡುಗೆಮನೆಯ ಪವರ್ ಸರ್ಕ್ಯೂಟಿಗೆ ಸೇರಿತ್ತು. ಆಮೇಲೆ ಕರೆಂಟ್ ಕೊಟ್ಟು ಪ್ರತಿ ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ತಂತಿಯನ್ನು ಸುತ್ತ ಕಚ್ಚಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನ ಒಂದೇ ಬಾಯೊಳಗೆ ಹಿಡಿದು ನೋಡಿದೆವು. ಎರಡೂ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸಿದರೆ ಸರಿ, ದೇವರಮನೆಯದ್ದು ತೋರಿಸಲಿಲ್ಲ.

ಮೆಟ್ಟಿಲ ದೀಪಕ್ಕೆ ಕೆಳಗಿನ ಬೋರ್ಡಿನಿಂದ ಹೊಸ ನ್ಯೂಟ್ರಲ್ ಎಳೆಯುವುದು ಮಾತಿನಷ್ಟು ಸುಲಭವಾಗಲಿಲ್ಲ. ಇಪ್ಪತ್ತೈದು ವರ್ಷದ ಪೈಪಿನೊಳಗೆ ತಂತಿ ಎಳೆಯುವ ಸ್ಪ್ರಿಂಗ್ ಅರ್ಧಕ್ಕೆ ಸಿಕ್ಕಿಕೊಂಡಿತು. ಕೊನೆಗೆ ಟೂ-ವೇ ಸ್ವಿಚ್ಚಿನ ಹಳೆಯ ತಂತಿಯೊಂದರ ತುದಿಗೆ ಹೊಸ ತಂತಿಗಳನ್ನು ಕಟ್ಟಿ, ಸೋಪಿನ ನೀರು ಹಚ್ಚಿ, ಅವನು ಮೇಲಿನಿಂದ ಎಳೆಯುತ್ತಾ ನಾನು ಕೆಳಗಿನಿಂದ ತಳ್ಳುತ್ತಾ, ಕಪ್ಪೊಂದು, ಹಸಿರೊಂದು, ಟೂ-ವೇಗೆ ಎರಡು, ಒಟ್ಟು ನಾಲ್ಕು ತಂತಿ ದಾಟಿಸಿದೆವು. ಮಹಡಿಯ ಗಂಟಿನಿಂದ ಬಿಡಿಸಿದ ಹಳೆಯ ಕಪ್ಪು ತಂತಿಯ ತುಂಡನ್ನು ಅವನು ಟೇಪು ಸುತ್ತಿ ಬಾಕ್ಸಿನೊಳಗೇ ಬಿಡಲು ಹೊರಟಿದ್ದ. ಮುಂದೆ ಯಾರಾದರೂ ಅದಕ್ಕೆ ಮತ್ತೇನಾದರೂ ಸೇರಿಸಿಯಾರೆಂದು ಪೂರ್ತಿ ಎಳೆಸಿ ಹೊರಗೆ ತೆಗೆಸಿದೆ. ಸಂಜೆ ಆರೂವರೆಗೆ ಕೆಳಗಿನಿಂದ ಸ್ವಿಚ್ ಒತ್ತಿದೆವು. ಮೇಲಿನ ಮನೆಯ ಟಿವಿಯ ಶಬ್ದ ನಿಲ್ಲಲಿಲ್ಲ. ಅವನು ಇಳಿದುಹೋಗಿ ಮೀಟರ್ ಬೋರ್ಡಿನ ಬಾಗಿಲು ತೆರೆದು, ಇ-ಎಲ್ ದೀಪ ಎರಡರಲ್ಲೂ ಆರಿದೆಯೆಂದು ಕೆಳಗಿನಿಂದಲೇ ಕೂಗಿ ಹೇಳಿದ.